ಎಬ್ಬಿಸುವ ಹೊತ್ತು

ಸುಪೀರಿಯರ್, ವಿಸ್ಕಾನ್ಸಿನ್
ಭಾನುವಾರ, ಅಕ್ಟೋಬರ್ 6, 2024

ಪ್ರೀತಿಯ ಅಣ್ಣ ವೇಡ್,

ಹೇಗಿದ್ದೀಯ? ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬಾಯಿತುಂಬ ಬೈದುಕೋ, ನನ್ನ ತಕರಾರಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಸರೋವರದ ನಡುವೆ ನಿನ್ನ ಫೋನು ಅರ್ಧ ಮಾತಿಗೇ ಸತ್ತುಹೋಗುತ್ತದೆ, ನನಗೆ ಪೂರ್ತಿ ಹೇಳಬೇಕಾದದ್ದಿದೆ. ಡೆಟ್ರಾಯಿಟ್ ನದಿಯಲ್ಲಿ ಟಪಾಲು ದೋಣಿ ಹಡಗಿನ ಪಕ್ಕಕ್ಕೇ ಬರುತ್ತದೆ, ನೀವು ಮೇಲಿನಿಂದ ಬಕೆಟ್ ಇಳಿಬಿಟ್ಟು ಕಾಗದ ಎಳೆದುಕೊಳ್ಳುತ್ತೀರಿ ಎಂದು ನೀನೇ ಹೇಳಿದ್ದೆ. ಆ ಬಕೆಟ್ಟನ್ನು ನಂಬಿ ಬರೆಯುತ್ತಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದರೂ ಶಾಲೆಯ ಅಡುಗೆಮನೆಗೆ ಹೋಗುವುದನ್ನು ಬಿಟ್ಟಿಲ್ಲ, ಗುರುವಾರದ ಬೌಲಿಂಗನ್ನೂ ಬಿಟ್ಟಿಲ್ಲ. ಅಪ್ಪನ ಸಮಾಧಿಗೆ ಕಲ್ಲು ಬಂತು, ನಿಲ್ಲಿಸಿದ್ದೂ ಆಯಿತು. ನವೆಂಬರಿಗೆ ವರ್ಷವಾಗುತ್ತದಲ್ಲ, ಅವತ್ತು ನೀನಿರಬೇಕೆಂದು ಅಮ್ಮನಿಗೆ ಬಹಳ ಆಸೆ. ಕೇಳಲು ಅವಳಿಗೆ ಸಂಕೋಚ, ಅದಕ್ಕೆ ನಾನು ಕೇಳುತ್ತಿದ್ದೇನೆ.

ಇನ್ನು ನನ್ನ ಸುದ್ದಿ. ಅರಿವಳಿಕೆ ನರ್ಸಿಂಗ್ ಶಾಲೆಯಿಂದ ಮತ್ತೆ ಸಂದರ್ಶನಕ್ಕೆ ಕರೆದಿದ್ದಾರೆ. ಇದೇ ತಿಂಗಳ ಹದಿನೆಂಟು, ಶುಕ್ರವಾರ. ತೊಂಬತ್ತು ಜನರನ್ನು ಕರೆದಿದ್ದಾರಂತೆ, ಸೀಟು ಇಪ್ಪತ್ನಾಲ್ಕು. ಹೋದ ವರ್ಷ ಕಾಯುವ ಪಟ್ಟಿಯಲ್ಲೇ ಕೊಳೆತೆ, ಗೊತ್ತಲ್ಲ. ಯಾಕೆಂದು ಕೇಳಿದ್ದಕ್ಕೆ, ‘ಉತ್ತರಗಳೆಲ್ಲ ಬಾಯಿಪಾಠದ ಹಾಗಿದ್ದವು’ ಎಂದಿದ್ದರು. ಆ ಶಾಲೆಯಲ್ಲಿ ಎರಡೇ ಅವಕಾಶ, ಆದ್ದರಿಂದ ಇದು ಕೊನೆಯದು. ಏಳು ವರ್ಷ ಐಸಿಯುನಲ್ಲಿ ದುಡಿದದ್ದು ಇದಕ್ಕಾಗಿಯೇ. ಈ ಸಲವೂ ತಪ್ಪಿದರೆ ಏನು ಮಾಡುತ್ತೇನೋ ಗೊತ್ತಿಲ್ಲ, ಹೆದರಿಕೆಯಾಗುತ್ತದೆ.

ಅದಕ್ಕೇ ಬೆವ್ ನೋರ್ಗಾರ್ಡ್ ಹತ್ತಿರ ಹೋಗಿ ಬಿದ್ದೆ. ಮೂವತ್ತು ವರ್ಷ ಅರಿವಳಿಕೆ ಕೊಟ್ಟು ನಿವೃತ್ತರಾದವರು, ನಿನ್ನ ಅಪೆಂಡಿಕ್ಸ್ ತೆಗೆದಾಗ ನಿನ್ನನ್ನು ಮಲಗಿಸಿದ್ದು ಅವರೇ. ವಾರಕ್ಕೆರಡು ಮಧ್ಯಾಹ್ನ ಅವರ ಅಡುಗೆಮನೆಯ ಮೇಜೇ ನನ್ನ ಪರೀಕ್ಷೆಯ ಕೋಣೆ. ಎದುರಿಗೆ ಏಲಕ್ಕಿ ಬ್ರೆಡ್ಡು, ಕಾಫಿ, ಮೊಟ್ಟೆ ಬೇಯಿಸಲು ಇಡುವ ಗಂಟೆ. ಎರಡು ನಿಮಿಷಕ್ಕೆ ಅದು ಕಿರುಚಿದರೆ ನಾನು ಬಾಯಿ ಮುಚ್ಚಬೇಕು.

ಮೊದಲ ದಿನ, "ಈ ಕೆಲಸ ನಿಂಗ್ಯಾಕೆ ಬೇಕು?" ಎಂದರು.

"ಚಿಕ್ಕಂದಿನಿಂದ್ಲೂ ನಂಗೆ ಅರಿವಳಿಕೆ ಅಂದ್ರೆ…"

"ಚಿಕ್ಕಂದಿನಲ್ಲಿ ನಿಂಗೆ ಆ ಪದ ಗೊತ್ತಿತ್ತಾ? ಸುಳ್ಳು ಹೇಳೋದಾದ್ರೆ ಸ್ವಲ್ಪ ನೀಟಾಗಿ ಹೇಳೇ."

ಹೀಗೆ ಉಗಿಸಿಕೊಂಡೇ ಕಲಿಯುತ್ತಿದ್ದೇನೆ. ಔಷಧಿಗಳ ಪ್ರಮಾಣ, ರಕ್ತದೊತ್ತಡ, ಉಸಿರಿನ ಲೆಕ್ಕ, ಅದೆಲ್ಲ ನೀರು ಕುಡಿದಷ್ಟು ಸುಲಭವಾಗಿದೆ. ಸಂದರ್ಶನಕ್ಕೆಂದು ಕಪ್ಪು ಕೋಟು ತಂದೆ. ಅಮ್ಮ ತೋಳು ಎಳೆದು ನೋಡಿ, "ಯಾರ್ದೋ ಕೋಟು ಹಾಕ್ಕೊಂಡು ಬಂದಂಗಿದ್ಯಲ್ಲೇ" ಎಂದು ನಕ್ಕಳು. ಅಪ್ಪ ಹೋದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಅದೊಂದಕ್ಕಾದರೂ ಆ ಕೋಟು ಸಾರ್ಥಕ.

ನಾನು ಸಿಕ್ಕಿಬಿದ್ದಿರುವುದು ಒಂದೇ ಒಂದು ಪ್ರಶ್ನೆಯಲ್ಲಿ. ‘ಕೆಲಸದಲ್ಲಿ ನೀವು ಮಾಡಿದ ಒಂದು ತಪ್ಪನ್ನು ಹೇಳಿ.’ ಇದನ್ನು ಕೇಳದೆ ಯಾರನ್ನೂ ಬಿಡುವುದಿಲ್ಲ. ನನ್ನ ಹತ್ತಿರ ಒಂದು ಉತ್ತರ ಸಿದ್ಧವಿತ್ತು. ಒಮ್ಮೆ ಎರಡು ಪಂಪಿನ ನಳಿಕೆಗಳನ್ನು ಅದಲುಬದಲು ಜೋಡಿಸಿದ್ದೆ, ಔಷಧಿ ಬಿಡುವ ಮೊದಲೇ ನಾನೇ ಕಂಡುಹಿಡಿದೆ, ಮೇಲಿನವರಿಗೆ ತಿಳಿಸಿದೆ, ಅಂದಿನಿಂದ ಪ್ರತಿ ನಳಿಕೆಗೂ ಬಣ್ಣದ ಚೀಟಿ ಅಂಟಿಸುತ್ತೇನೆ. ಹೋದ ವರ್ಷವೂ ಇದನ್ನೇ ಹೇಳಿದ್ದೆ. ಬೆವ್ ಕಾಫಿ ಕೆಳಗಿಟ್ಟರು.

"ರೋಗಿಗೇನಾಯ್ತು?"

"ಏನೂ ಆಗ್ಲಿಲ್ಲ."

"ನಿಂಗೇನಾಯ್ತು?"

"ಏನಿಲ್ಲ."

"ಹಂಗಾದ್ರೆ ಇದು ತಪ್ಪಲ್ಲಮ್ಮಾ, ಜಾಹೀರಾತು. ಆ ಕಡೆ ಕೂತಿರೋರು ದಿನಾ ಇಂಥವು ಇಪ್ಪತ್ತು ಕೇಳ್ತಾರೆ. ನಿನ್ನಿಂದ ಒಬ್ಬರು ಏನಾದ್ರೂ ಕಳ್ಕೊಂಡಿದ್ರೆ ಅದನ್ನ ಹೇಳು."

ಗಂಟೆ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಬ್ರೆಡ್ಡನ್ನು ಚೂರು ಚೂರು ಮಾಡುತ್ತಾ ಕೂತೆ. ಎರಡು ನಿಮಿಷ ಮುಗಿದು ಅದು ಕಿರುಚಿತು, ಬೆವ್ ಅದನ್ನು ನಿಲ್ಲಿಸಿದರು. ಏನೆಂದು ಕೇಳಲಿಲ್ಲ. ಬ್ರೆಡ್ಡಿನ ಇನ್ನೊಂದು ತುಂಡು ನನ್ನ ತಟ್ಟೆಗೆ ಹಾಕಿ, "ಮಲಗ್ಸೋದು ಯಾರಿಗೆ ಬೇಕಾದ್ರೂ ಬರುತ್ತೆ ಕಣೇ, ಔಷಧೀನೇ ಮಾಡುತ್ತೆ ಅದನ್ನ. ಎಬ್ಸೋದು ಕಲಿಯೋಕೆ ಮೂರು ವರ್ಷ ಆ ಶಾಲೆ. ಹೇಳೋಕೆ ಏನೋ ಇದೆ ನಿನ್ನ ಹತ್ರ. ಮೊದಲು ಅದು ಯಾರಿಗೆ ಸೇರಿದ್ದೋ ಅವ್ರಿಗೆ ಹೇಳು, ಆಮೇಲೆ ಸಂದರ್ಶನದೋರ ಮುಂದೆ ಕೂರು" ಎಂದರು.

ನಿನ್ನ ಕಾಗದಕ್ಕೆ ಬರುತ್ತೇನೆ. ಹಡಗು ಹತ್ತಿದ ನಿನ್ನೊಡನೆ ಅಪ್ಪ ಎರಡು ವರ್ಷ ಮಾತು ಬಿಟ್ಟಿದ್ದನಲ್ಲ. ಹಡಗಿಗೆ ಅದಿರು ತುಂಬುವ ಕಟ್ಟೆಯಲ್ಲಿ ತನ್ನ ಜಾಗಕ್ಕೇ ಮಗ ಬರಬೇಕು, ಸಂಜೆ ಊಟಕ್ಕೆ ಮನೆಯಲ್ಲಿರಬೇಕು, ಅಷ್ಟೇ ಅವನ ಹಟ. ಅವನೂ ಮೊಂಡ, ನೀನೂ ಮೊಂಡ. ನೀನು ಬರೆದಿದ್ದೆ: ‘ಅಪ್ಪ ಕೊನೆಗೆ ಕಣ್ಣು ತೆರೆಯದೆ ಹೋದದ್ದೇ ಒಳ್ಳೆಯದಾಯಿತು. ಎಚ್ಚರವಿದ್ದಿದ್ದರೆ ಇವನನ್ನು ಹೊರಗೆ ಕಳಿಸಿ ಎನ್ನುತ್ತಿದ್ದ.’ ಆ ಸಾಲನ್ನು ಓದಿ ಕಾಗದ ಮಡಚಿ ಇಟ್ಟವಳು, ಐದು ವಾರ ಅದರ ಹತ್ತಿರ ಹೋಗಲಿಲ್ಲ.

ಅಕ್ಟೋಬರಿನ ಗಾಳಿ ಶುರುವಾಗಿದೆ. ಡೆಕ್ಕಿನ ಮೇಲೆ ಹಗ್ಗ ಕಟ್ಟಿಕೊಳ್ಳದೆ ಓಡಾಡಬೇಡ. ಉಣ್ಣೆ ಕಾಲುಚೀಲ ಬೇರೆ ಕಳಿಸುತ್ತಿದ್ದೇನೆ. ದೇವರು ನಿನ್ನನ್ನೂ ನಿನ್ನ ಹಡಗಿನವರನ್ನೂ ಕ್ಷೇಮವಾಗಿ ದಡ ಸೇರಿಸಲಿ. ಅಮ್ಮನ ಮುತ್ತುಗಳು.

ನಿನ್ನ ಪ್ರೀತಿಯ ತಂಗಿ,
ಕ್ರಿಸ್ಟಾ

ತಾ.ಕ.: ಹೇಳಬೇಕಾದದ್ದನ್ನು ಬಿಟ್ಟು ಸಹಿ ಮಾಡಿಬಿಟ್ಟೆ ನೋಡು. ಅಪ್ಪ ಎದ್ದಿದ್ದ, ವೇಡ್.

ಉಸಿರಿನ ಯಂತ್ರದ ಮೇಲಿರುವವರಿಗೆ ನಾವು ದಿನಾ ಬೆಳಿಗ್ಗೆ ನಿದ್ದೆಯ ಔಷಧಿ ನಿಲ್ಲಿಸಿ, ಎಚ್ಚರವಾಗುತ್ತಾರೋ ಎಂದು ನೋಡುತ್ತೇವೆ. ನೀನು ಹಡಗಿನಿಂದಿಳಿದು ಕಾರಿನಲ್ಲಿ ಬರುತ್ತಿದ್ದ ಆ ಬೆಳಿಗ್ಗೆಯೂ ಎಂಟು ಗಂಟೆಗೆ ನಮ್ಮ ಐಸಿಯುನ ನರ್ಸ್ ಜನೆಲ್ ಅಪ್ಪನ ಪಂಪ್ ನಿಲ್ಲಿಸಿದಳು. ಹತ್ತೇ ನಿಮಿಷಕ್ಕೆ ಕಣ್ಣು ಬಿಟ್ಟ. ನನ್ನ ಗುರುತು ಹಿಡಿದ. ಗಂಟಲಲ್ಲಿ ಕೊಳವೆ ಇತ್ತು, ಮಾತಾಡುವಂತಿರಲಿಲ್ಲ, ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ. ಊಟದ ಚೀಟಿಯ ಹಿಂಭಾಗವನ್ನೂ ನನ್ನ ಪೆನ್ನನ್ನೂ ಕೊಟ್ಟೆ. ಅವನು ಬರೆಯುತ್ತಿದ್ದದ್ದು ನಿನ್ನ ಹೆಸರು. "ಬರ್ತಿದ್ದಾನೆ ಅಪ್ಪಾ, ಮಧ್ಯಾಹ್ನದೊಳಗೆ ಬರ್ತಾನೆ" ಎಂದೆ. ಅಷ್ಟರಲ್ಲಿ ಕೊಳವೆಯಿಂದಾಗಿ ಕೆಮ್ಮು ಬಂತು, ಕಣ್ಣಲ್ಲಿ ನೀರು ಸುರಿಯಿತು, ಮೈಯೆಲ್ಲ ಒದ್ದಾಡಿತು. ನನ್ನಿಂದ ನೋಡಲಾಗಲಿಲ್ಲ.

"ಔಷಧಿ ಮತ್ತೆ ಶುರು ಮಾಡು" ಎಂದೆ ಜನೆಲ್‌ಗೆ.

"ಇನ್ನು ಹತ್ತು ನಿಮಿಷ ಬಿಡು ಕ್ರಿಸ್ಟಾ, ಎಲ್ಲಾ ಸರಿಯಾಗಿದೆ, ಸಮಾಧಾನ ಆಗ್ತಿದ್ದಾರೆ" ಎಂದಳು. ನಿಜವಾಗಿಯೂ ಆಗುತ್ತಿದ್ದ.

"ಆರು ವರ್ಷದಿಂದ ಇಲ್ಲಿದ್ದೀನಿ, ನೀನು ಬಂದು ಎಂಟು ತಿಂಗಳಾಗಿಲ್ಲ. ಶುರು ಮಾಡು ಅಂದೆ."

ಮಗಳಾಗಿ ಕೂತಿದ್ದವಳು ಸೀನಿಯರ್ ನರ್ಸಾಗಿ ಗದರಿಸಿದೆ. ಅವಳು ಪಂಪ್ ಒತ್ತಿದಳು. ನೀನು ಬಂದಾಗ ಅಪ್ಪ ನಿದ್ದೆಯಲ್ಲಿದ್ದ. ಸಂಜೆ ರಕ್ತದೊತ್ತಡ ಕುಸಿಯಿತು, ಆಮೇಲೆ ಎಬ್ಬಿಸಿ ನೋಡುವ ಮಾತೇ ಬರಲಿಲ್ಲ. ನಾಲ್ಕು ತಾಸು ತಡೆದುಕೊಂಡಿದ್ದರೆ ನೀವಿಬ್ಬರೂ ಮುಖ ನೋಡಿಕೊಳ್ಳುತ್ತಿದ್ದಿರಿ. ‘ಅಪ್ಪ ಏಳಲೇ ಇಲ್ಲ’ ಎಂದು ನಿನಗೆ ಹೇಳಿದ್ದು ನಿನ್ನ ಸಮಾಧಾನಕ್ಕಲ್ಲ, ನನ್ನ ಹೆದರಿಕೆಗೆ.

ಹದಿನೆಂಟಕ್ಕೆ ಅವರು ಕೇಳಿದರೆ ಇದನ್ನೇ ಹೇಳುತ್ತೇನೆ. ಸೀಟು ಸಿಗಲಿ ಬಿಡಲಿ. ಹದಿಮೂರು ಹದಿನಾಲ್ಕಕ್ಕೆ ನಿಮ್ಮ ಹಡಗು ಡೆಟ್ರಾಯಿಟ್ ದಾಟುತ್ತದೆಂದು ವಿಚಾರಿಸಿಯೇ ಇವತ್ತು ಬರೆಯುತ್ತಿದ್ದೇನೆ, ಸಂದರ್ಶನ ಮಾಡುವ ಗುರುತಿಲ್ಲದ ಮೂವರಿಗಿಂತ ಮೊದಲು ನೀನು ಓದಬೇಕು. ಕ್ಷಮಿಸು ಎಂದು ಕೇಳಲು ಬಾಯಿ ಬರುವುದಿಲ್ಲ.

ಆ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ, ಅದು ನಿನ್ನದು. ನಿನ್ನ ಹೆಸರಿನ ಕೊನೆಯ ಅಕ್ಷರ ಅದರಲ್ಲಿಲ್ಲ. ಅದನ್ನು ಬರೆಯಲು ಅಪ್ಪನಿಗೆ ನಾನು ಬಿಡಲಿಲ್ಲ.