ಗುಡ್ಡದ ಮೇಲಿನ ಆರು ಸೀಟಿ

ಚಿಗವ್ವಾ, ಶಹಾಪುರ ಗುಡ್ಡದ ಕ್ಯಾಂಪಿನವರು ಫೋನು ಇಸಿದುಕೊಂಡಿದ್ದಾರೆ, ಅದಕ್ಕೇ ಈ ಕಾರ್ಡು.

ದಾರಿ ತಪ್ಪಿದರೆ ಆರು ಸಲ ಸೀಟಿ ಊದಬೇಕೆಂದು ನಮ್ಮ ಟ್ರೆಕ್ಕಿಂಗ್ ಗ್ರೂಪಿನಲ್ಲಿ ಎಲ್ಲರಿಗೂ ಮೆಸೇಜು ಹಾಕಿದವಳೇ ನಾನು. ನಿನ್ನೆ ಬಂಡೆಗಳ ಆಚೆಯಿಂದ ಆರು ಸಲ ಸೀಟಿ ಕೇಳಿದಾಗ, "ಏ, ಅದು ಕುರಿ ಕಾಯೋರ್ದು, ನಡೀರಿ" ಅಂದೆ. ಎಲ್ಲರೂ ನಂಬಿ ಇಳಿದರು.

ಕೆಳಗೆ ಸಿಕ್ಕ ಕುರಿ ಕಾಯುವ ದ್ಯಾವಪ್ಪ, "ನಾವು ಬರೇ ಬಾಯಿಲೇ ಸೀಟಿ ಹೊಡೀತೀವಿ, ಯವ್ವಾ, ಇದು ಊದೋ ಸೀಟಿ. ಅಲ್ಲಿ ಯಾರೋ ಸಿಕ್ಕೊಂಡಾರ" ಎಂದು ಓಡಿದ. ಬಂಡೆ ಸಂದಿಯಲ್ಲಿ, ನಮ್ಮ ಗುಂಪಿನಿಂದ ಹಿಂದೆ ಉಳಿದಿದ್ದ ನಿನ್ನ ಮಗಳು ರೇವತಿ! ಒಂದು ತಾಸು ಊದಿದ್ದಳಂತೆ.

ಕಾಲು ಉಳುಕಿದೆ ಅಷ್ಟೇ, ಡಾಕ್ಟರು ನೋಡಿದ್ದಾರೆ. ನನಗೇ ಅವಳ ಮುಖ ನೋಡಲಾಗುತ್ತಿಲ್ಲ.

"ಅವ್ವಗ ನಿನ್ನ ಹೆಸರು ಹೇಳಂಗಿಲ್ಲ ಬಿಡು" ಅನ್ನುತ್ತಾಳೆ. ಅವಳು ಮನೆ ಮುಟ್ಟುವ ಮೊದಲೇ ಈ ಕಾರ್ಡು ನಿನ್ನ ಕೈ ಸೇರಲಿ.

ಅಂಬಿಕಾ