ಹನ್ನೊಂದನೇ ಹಾಸಿಗೆಯವರು ಸಾಮಾನ್ಯವಾಗಿ ಚೆನ್ನಾಗಿ ಊಟ ಮಾಡುತ್ತಾರೆ

ಆಸ್ಪತ್ರೆಯ ದಾಖಲೆಪುಸ್ತಕಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ನಿಮ್ಮ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಬ್ಬ ಮುದುಕರು ಹದಿನೆಂಟು ದಿನಗಳಿಂದ ಅರ್ಧ ಹೊಟ್ಟೆಯಲ್ಲಿದ್ದಾರೆ. ಅದಕ್ಕೆ ಕಾರಣ ನಾನು ಬರೆದ ಒಂದು ಇಂಗ್ಲಿಷ್ ವಾಕ್ಯ. ಆ ವಾಕ್ಯದಲ್ಲಿ ಒಂದೇ ಒಂದು ತಪ್ಪಿಲ್ಲ. ತಪ್ಪಿಲ್ಲದ ಕಾರಣ ಅದನ್ನು ತಿದ್ದಲು ಬರುವುದಿಲ್ಲ ಎಂದು ನಿಮ್ಮ ಕಚೇರಿ ಹೇಳಿದೆ. ಎದುರು ನಿಂತು ವಾದ ಮಾಡಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ನಾಲ್ಕು ಜನ ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಎರಡನೇ ಮಹಡಿಯ ವಾರ್ಡಿನ ಆಯಾ. ಓದಿದ್ದು ಐದನೇ ತರಗತಿ. ರೋಗಿಗಳ ಮೈ ಒರೆಸಿ, ಹಾಸಿಗೆ ಬದಲಿಸಿ, ಊಟ ಕೊಟ್ಟು, ಯಾರು ಎಷ್ಟು ಉಂಡರು, ಹೇಗಿದ್ದಾರೆ ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಮೊದಲು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೆ. ಅಕ್ಷರ ಸೊಟ್ಟಗಿದ್ದರೂ ಸಿಸ್ಟರ್ ಓದುತ್ತಿದ್ದರು, ಡಾಕ್ಟರೂ ಓದುತ್ತಿದ್ದರು.

ಹನ್ನೊಂದನೇ ಹಾಸಿಗೆಗೆ ಬಂದವರು ಒಬ್ಬ ಟೈಲರ್ ತಾತ. ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಗಿತ್ತು. ಬಲಗೈ ಗಟ್ಟಿಯಾಗಿತ್ತು, ಬಾಯಿ ಅದಕ್ಕಿಂತ ಗಟ್ಟಿ. ನನ್ನ ಯೂನಿಫಾರಂ ನೋಡಿದ ಮೊದಲ ದಿನವೇ, “ತೋಳು ಅರ್ಧ ಇಂಚು ಉದ್ದ ಆಯ್ತಲ್ಲ ಮಗಳೇ, ಯಾವ ಪುಣ್ಯಾತ್ಮ ಹೊಲಿದದ್ದು?” ಎಂದಿದ್ದರು. ಅವರಿಗೆ ಎಡಗಡೆ ಇರುವುದು ಯಾವುದೂ ಗಮನಕ್ಕೆ ಬರುತ್ತಿರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಅವರ ಪಾಲಿಗೆ ಎಡಗಡೆ ಎಂಬುದೇ ಇರಲಿಲ್ಲ. ತಟ್ಟೆಯ ಬಲಭಾಗ ಖಾಲಿ ಮಾಡಿ ಕೈ ಒರೆಸಿಕೊಳ್ಳುತ್ತಿದ್ದರು. ಡಾಕ್ಟರು ನನಗೆ ತೋರಿಸಿಕೊಟ್ಟರು: ಅರ್ಧ ಊಟವಾದ ಮೇಲೆ ತಟ್ಟೆ ತಿರುಗಿಸಿಡಬೇಕು, ನೀರಿನ ಲೋಟ ಬಲಗಡೆ ಇರಬೇಕು. ಅಷ್ಟೇ ಚಿಕಿತ್ಸೆ. ‘ತಟ್ಟೆ ತಿರುಗಿಸಿದರೆ ಪೂರ್ತಿ ಊಟ ಮಾಡುತ್ತಾರೆ’ ಎಂದು ನಾನು ದಿನಾ ಬರೆದೆ. ನನ್ನ ರಜೆಯ ದಿನ ಬರುವ ಆಯಾ ಅದನ್ನು ಓದಿ ತಟ್ಟೆ ತಿರುಗಿಸುತ್ತಿದ್ದಳು.

ಆಗ ತಾವು ನಮ್ಮನ್ನು ಉದ್ಧಾರ ಮಾಡಲು ಮನಸ್ಸು ಮಾಡಿದಿರಿ. ಪುಸ್ತಕವೆಲ್ಲ ಇಂಗ್ಲಿಷಿನಲ್ಲೇ ಇರಬೇಕೆಂದು ಆದೇಶ ಬಂತು. ಹಳೆಯ ಪುಸ್ತಕಗಳು ಉಗ್ರಾಣಕ್ಕೆ ಹೋದವು. ಆಯಾಗಳಿಗೆ ತರಬೇತಿ, ಮೂವತ್ತು ಮಾದರಿ ವಾಕ್ಯಗಳ ಹಾಳೆ, ಕೊನೆಗೆ ಪರೀಕ್ಷೆ. ಎರಡನೇ ವಾರವಿಡೀ ‘ಯೂಶುವಲಿ’ ಎಂಬ ಒಂದೇ ಪದ. ಸಾಮಾನ್ಯವಾಗಿ ಎಂದು ಅರ್ಥವಂತೆ. ವಾಕ್ಯದಲ್ಲಿ ಅದನ್ನು ಎಲ್ಲಿ ಕೂರಿಸಬೇಕು, ಎಲ್ಲಿ ಕೂರಿಸಬಾರದು ಎಂದು ಮೇಷ್ಟ್ರು ಬೋರ್ಡು ತುಂಬ ಬರೆದರು. ಸ್ವಂತ ವಾಕ್ಯ ಮಾಡಿ ಎಂದಾಗ ನಾನು ತಾತನನ್ನು ನೆನೆದು ಧೈರ್ಯ ಮಾಡಿದೆ: ‘ಯೂಶುವಲಿ ಪ್ಲೇಟ್ ಟರ್ನ್ ಹಿ ಈಟ್.’

ಮೇಷ್ಟ್ರು ಗಟ್ಟಿಯಾಗಿ ಓದಿದರು. “ಇಲ್ಲಿ ಊಟ ಮಾಡೋದು ಯಾರಮ್ಮಾ, ರೋಗಿಯೋ ತಟ್ಟೆಯೋ?”

ಕೋಣೆಯೆಲ್ಲ ನಕ್ಕಿತು. ಪಕ್ಕದಲ್ಲಿ ಕೂತ ಆಯಾ ಮೊಣಕೈಯಲ್ಲಿ ತಿವಿದು, “ನಿಂಗ್ಯಾಕೆ ಬೇಕಿತ್ತೇ? ಹಾಳೇಲಿ ಇರೋದನ್ನ ಬರಿ, ಮನೆಗೆ ಹೋಗು” ಎಂದಳು. ಹಾಗೇ ಮಾಡಿದೆ. ಏಳನೇ ಮಾದರಿ ವಾಕ್ಯ: ‘ಹಿ ಯೂಶುವಲಿ ಈಟ್ಸ್ ವೆಲ್.’ ಅವರು ಸಾಮಾನ್ಯವಾಗಿ ಚೆನ್ನಾಗಿ ಊಟ ಮಾಡುತ್ತಾರೆ. ಹತ್ತಕ್ಕೆ ಹತ್ತು ಅಂಕ ಬಂತು. ಅಂದಿನಿಂದ ಹನ್ನೊಂದನೇ ಹಾಸಿಗೆಯ ಪುಟದಲ್ಲಿ ದಿನಾ ಅದನ್ನೇ ಬರೆದೆ. ಕೈ ತಟ್ಟೆ ತಿರುಗಿಸುತ್ತಿತ್ತು, ಪುಸ್ತಕದಲ್ಲಿ ಏಳನೇ ವಾಕ್ಯ ಬೀಳುತ್ತಿತ್ತು. ನಿಮ್ಮ ಮೇಲೆ ಎಲ್ಲ ಹೊರಿಸಿ ನಾನು ಕೈ ತೊಳೆದುಕೊಳ್ಳಲಾರೆ. ಇನ್ನೊಮ್ಮೆ ನಗೆಪಾಟಲಾಗಬಾರದೆಂದು ಬರೆದವಳು ನಾನೇ.

ಅಷ್ಟರಲ್ಲಿ ತಾತನ ಹಳೆಯ ಡಾಕ್ಟರು ವರ್ಗವಾಗಿ ಹೋದರು. ಹೊಸಬರು ಪುಸ್ತಕ ತಿರುವಿದರು. ಚೆನ್ನಾಗಿ ಊಟ ಮಾಡುವವರು ಇಲ್ಲೇಕೆ ಎಂದು, ತಾವೇ ಉಣ್ಣಬಲ್ಲವರ ಮೂರನೇ ಮಹಡಿಗೆ ಕಳಿಸಿದರು. ಅಲ್ಲಿ ನಲವತ್ತು ಹಾಸಿಗೆಗೆ ಇಬ್ಬರು ಆಯಾಗಳು. ತಟ್ಟೆ ಇಡುತ್ತಾರೆ, ತಟ್ಟೆ ಎತ್ತುತ್ತಾರೆ.

ವಾರದ ಮೇಲೆ ತಾತನ ಮಗಳು ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದರು. “ಅಪ್ಪ ಯಾಕಮ್ಮಾ ಇಷ್ಟು ಇಳಿದುಹೋಗಿದ್ದಾರೆ? ಕೇಳಿದ್ರೆ ಚೆನ್ನಾಗಿ ಊಟ ಮಾಡ್ತಾರೆ ಅಂತ ಪುಸ್ತಕ ತೋರಿಸ್ತಾರೆ.” ನಾನು ಬರೆದ ವಾಕ್ಯವನ್ನೇ ನನಗೆ ಹೇಳುತ್ತಿದ್ದರು.

ಆ ಮಧ್ಯಾಹ್ನ ನನ್ನ ಊಟದ ಬಿಡುವಿನಲ್ಲಿ ಮೇಲೆ ಹೋದೆ. ಕತ್ತರಿ ಆಡಿಸಿದ ಹಾಗೆ ತಟ್ಟೆಯ ಬಲಭಾಗ ಖಾಲಿ, ಎಡಭಾಗ ಹಾಗೇ ಇತ್ತು. ತಾತ ನನ್ನನ್ನು ಹತ್ತಿರ ಕರೆದು ಮೆಲ್ಲಗೆ, “ಇಲ್ಲಿ ಊಟ ಕಮ್ಮಿ ಕೊಡ್ತಾರೆ ಮಗಳೇ. ಕೇಳೋಕೆ ನಾಚಿಕೆ” ಎಂದರು. ತಟ್ಟೆ ತಿರುಗಿಸಿದೆ.

“ಅರೆ, ಇನ್ನೂ ಇತ್ತಾ!”

ಮೇಲಿನ ಆಯಾಗೆ ಹೇಳಿದೆ. “ನಾನಿದ್ದಾಗ ತಿರುಗಿಸ್ತೀನಿ ಕಣೇ. ನಾನಿಲ್ಲದಾಗ? ಪುಸ್ತಕದಲ್ಲಿ ಬರೆಸು, ಎಲ್ಲರೂ ಮಾಡ್ತಾರೆ” ಎಂದಳು. ನ್ಯಾಯವಾದ ಮಾತು. ಅದಕ್ಕೇ ನಿಮ್ಮ ಕಚೇರಿಗೆ ಬಂದೆ. ಕಿಟಕಿಯಲ್ಲಿದ್ದ ಗುಮಾಸ್ತರು ತಿದ್ದುಪಡಿಯ ಫಾರಂ ಮುಂದೆ ಮಾಡಿ, ನನ್ನ ವಾಕ್ಯವನ್ನು ಎರಡು ಸಲ ಓದಿದರು.

“ತಪ್ಪೆಲ್ಲಿದೆ, ತೋರಿಸಮ್ಮಾ.”

“ತಪ್ಪಿಲ್ಲ ಸಾರ್. ಸುಳ್ಳು.”

“ಸುಳ್ಳಿಗೆ ಫಾರಂ ಇಲ್ಲಮ್ಮಾ.”

ಅವರು ಗೇಲಿ ಮಾಡಲಿಲ್ಲ. ನಿಜವಾಗಿಯೂ ಇಲ್ಲವಂತೆ. ನನಗೆ ಸಿಕ್ಕಿದ್ದು ಮಹಡಿ ಬಿಟ್ಟು ಹೋಗಬಾರದೆಂಬ ಮೆಮೊ.

ಮಾನ್ಯರೇ, ನಿಮ್ಮ ಪುಸ್ತಕಗಳು ಈಗ ಬಹಳ ಚೆಂದವಾಗಿವೆ. ಎಲ್ಲ ಮಹಡಿಗಳಲ್ಲೂ ಎಲ್ಲರೂ ಚೆನ್ನಾಗಿ ಊಟ ಮಾಡುತ್ತಾರೆ, ಚೆನ್ನಾಗಿ ನಿದ್ದೆ ಮಾಡುತ್ತಾರೆ. ಇಷ್ಟು ಆರೋಗ್ಯವಂತರಿಗೆ ಆಸ್ಪತ್ರೆ ಯಾಕೆ ಎಂದು ತಮಗೆ ಒಮ್ಮೆಯೂ ಅನ್ನಿಸಲಿಲ್ಲವೇ? ಇಂಗ್ಲಿಷ್ ಬೇಡವೆನ್ನುವಷ್ಟು ದೊಡ್ಡವಳು ನಾನಲ್ಲ. ಕಲಿಸಿ, ಕಲಿಯುತ್ತೇನೆ. ಕಲಿಯುವವರೆಗೆ ಪ್ರತಿ ಪುಟದ ಅಡಿಯಲ್ಲಿ ಒಂದು ಗೆರೆ ಜಾಗ ಬಿಡಿ, ಕಂಡದ್ದನ್ನು ನಮಗೆ ಬರುವ ಮಾತಿನಲ್ಲಿ ಬರೆಯುತ್ತೇವೆ. ಅದೂ ಆಗದಿದ್ದರೆ ಹೋಗಲಿ. ತಮ್ಮ ಕಚೇರಿಯೂ ಮೂರನೇ ಮಹಡಿಯಲ್ಲೇ ಇದೆ. ನಾಳೆ ಊಟದ ಹೊತ್ತಿಗೆ ಹತ್ತು ಹೆಜ್ಜೆ ನಡೆದು ಬನ್ನಿ. ತಾತನ ಬಲಗಡೆ ನಿಲ್ಲಿ, ಎಡಗಡೆ ನಿಂತರೆ ತಾವು ಬಂದದ್ದು ಅವರಿಗೆ ತಿಳಿಯುವುದಿಲ್ಲ. ತಟ್ಟೆಯನ್ನು ಒಮ್ಮೆ ತಿರುಗಿಸಿ. ನಾನು ಮೇಲೆ ಬರುವಂತಿಲ್ಲ.

ಇಂತಿ,
‘ಯೂಶುವಲಿ’ ಪದದಲ್ಲಿ ಹತ್ತಕ್ಕೆ ಹತ್ತು ಪಡೆದ,
ಎರಡನೇ ಮಹಡಿಯ ಆಯಾ