ನಿಲ್ಲಿಸಿದ್ದು ಯಾರ ಇಂಜೆಕ್ಷನ್

ಮನೆಯಿಂದ,
ಸೋಮವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯ? ಹಡಗಿನವರಿಗೆಲ್ಲ ಬೇಯಿಸಿ ಹಾಕಿ ನೀನು ಮಾತ್ರ ನಿಂತುಕೊಂಡೇ ತಿನ್ನುತ್ತಿಲ್ಲ ತಾನೇ? ನಾನು ಚೆನ್ನಾಗಿದ್ದೇನೆ, ಪಿತ್ತಕೋಶದ ಕಲ್ಲೊಂದು ಬಿಟ್ಟರೆ. ಗುರುವಾರ ಆಪರೇಷನ್. ಅದರ ಚಿಂತೆಯಿಲ್ಲ, ತಲೆ ಕೆಟ್ಟಿರುವುದು ನಿಮ್ಮಪ್ಪನ ವಿಷಯಕ್ಕೆ. ಸಕ್ಕರೆ ಏರುತ್ತಲೇ ಇದೆ. ಗಳಿಗೆಗೊಮ್ಮೆ ನೀರು ಕುಡಿಯುತ್ತಾರೆ, ಗ್ಯಾರೇಜಿನಲ್ಲಿ ಸ್ಪ್ಯಾನರ್ ಕೈಯಲ್ಲೇ ಹಿಡಿದುಕೊಂಡು ಸ್ಪ್ಯಾನರ್ ಹುಡುಕುತ್ತಾರಂತೆ. ಕೇಳಿದರೆ "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅಂತಾರೆ.

ಆಗಿದ್ದಿಷ್ಟು. ಮೂರು ವಾರದ ಹಿಂದೆ ಆಸ್ಪತ್ರೆಗೆ ಇಬ್ಬರೂ ಹೋಗಿದ್ದೆವು. ಅರಿವಳಿಕೆ ಡಾಕ್ಟರು ಕಂಪ್ಯೂಟರಿನಿಂದ ಮುಖವೆತ್ತದೆ, "ವಾರಕ್ಕೊಮ್ಮೆ ತಗೊಳ್ಳೋ ಇಂಜೆಕ್ಷನ್ ನಿಲ್ಲಿಸಿಬಿಡಿ" ಅಂದರು. ನಮ್ಮ ಫ್ರಿಜ್‌ನಲ್ಲಿ ಅಂಥವು ಎರಡಿವೆ, ನಿಮ್ಮಪ್ಪನ ಸಕ್ಕರೆಯದು, ನನ್ನ ಮೈ ಇಳಿಸುವುದು. ತೆಳ್ಳಗಾಗುವ ಶೋಕಿಯನ್ನು ಯಾರಾದರೂ ಔಷಧಿ ಅಂತಾರೆಯೇ? ಆಪರೇಷನ್ ನನಗೆ, ನಿಲ್ಲಿಸುವುದು ಅವರದಾ ಅಂತ ಅನ್ನಿಸಿತು ನಿಜ. ಆದರೆ ರಕ್ತ ಬೇಕಾದರೆ ಕೊಡಲು ಹೆಸರು ಬರೆಸಿದವರು ಅವರೇ ಅಲ್ಲವೇ, ಅದಕ್ಕೇ ಇರಬೇಕು ಅಂದುಕೊಂಡು ಅವರದನ್ನು ನಿಲ್ಲಿಸಿದೆ. "ನಿನಗೆ ಒಳ್ಳೇದಾಗೋದಾದ್ರೆ ಬಿಡ್ತೀನಿ ಬಿಡು" ಅಂದರು, ಪಾಪ. ನನ್ನದನ್ನು ನಿನ್ನೆಯೂ ಚುಚ್ಚಿಕೊಂಡೆ. ಅದನ್ನು ಶುರು ಮಾಡಿದಂದಿನಿಂದ ನಾನು ಹೊಲಿದ ಬಟ್ಟೆಗಳೇ ನನಗೆ ದೊಗಲೆ, ಬೆಳಿಗ್ಗೆ ತಿಂದದ್ದು ಸಂಜೆಯಾದರೂ ಹೊಟ್ಟೆಯಿಂದ ಅಲ್ಲಾಡುವುದಿಲ್ಲ. ಆಪರೇಷನ್ನಿಗೆ ಹೊಟ್ಟೆ ಪೂರ್ತಿ ಖಾಲಿ ಇರಬೇಕಂತೆ, ಇಲ್ಲದಿದ್ದರೆ ಮಂಪರಿನಲ್ಲಿ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದಂತೆ. ಹಿಂದಿನ ರಾತ್ರಿ ಊಟ ಬಿಟ್ಟರೆ ಸಾಕಲ್ಲವೇ? ಬರೆಯುತ್ತಾ ಬರೆಯುತ್ತಾ ಏನೋ ಎಡವಟ್ಟಾಗಿದೆ ಅನ್ನಿಸುತ್ತಿದೆ, ಏನು ಅಂತ ಹೊಳೆಯುತ್ತಿಲ್ಲ.

ತಲೆ ಒದ್ದೆ ಮಾಡಿಕೊಂಡು ಹಡಗಿನ ಮೇಲೆ ತಿರುಗಬೇಡ. ತಣ್ಣಗಿರು ನನ್ನ ಕಂದ.

ನಿನ್ನ ಅಮ್ಮ

ತಾ.ಕ.: ಕವರ್ ಅಂಟಿಸಲು ಮನಸ್ಸಾಗದೆ ಆಸ್ಪತ್ರೆಗೆ ಫೋನ್ ಮಾಡಿದೆ. ನಿಲ್ಲಿಸಬೇಕಾಗಿದ್ದದ್ದು ನನ್ನದಂತೆ ಕಣೇ! ನರ್ಸ್ "ಅಮ್ಮಾ, ಆಪರೇಷನ್ ಯಾರಿಗೆ?" ಅಂತ ಎರಡು ಸಲ ಕೇಳಿದಳು. ಆಪರೇಷನ್ ಮುಂದಕ್ಕೆ ಹೋಯಿತು. ನಿಮ್ಮಪ್ಪನನ್ನು ಈಗಲೇ ಕರೆದುಕೊಂಡು ಬನ್ನಿ ಅಂತ ಅಲ್ಲಿನ ಸಕ್ಕರೆ ಡಾಕ್ಟರು ಫೋನಿನಲ್ಲೇ ಗದರಿಸಿದರು. ಆಗ ನಿಮ್ಮಪ್ಪ ಬಾಯಿಬಿಟ್ಟರು, ಮೊನ್ನೆ ಗ್ಯಾರೇಜಿನಲ್ಲಿ ತಲೆ ಸುತ್ತಿ ಬಿದ್ದಿದ್ದರಂತೆ. ಹೇಳಿದರೆ ಎಲ್ಲಿ ನಾನು ಆಪರೇಷನ್ನೇ ಬೇಡ ಅಂತೀನೋ ಅಂತ ಮುಚ್ಚಿಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಅವರೋ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ, "ಈಗ ತೋರಿಸ್ಬೇಕಾದ್ದು ಯಾರನ್ನ, ನನ್ನನ್ನೋ ನಿನ್ನನ್ನೋ?"